ಕೋಟೆಯಿಂದ ಕಟ್ಟೆಗೆ: ನಮ್ಮ ದನದ ಹಾದಿ

(ಹುಣಸೂರಿನಲ್ಲಿ ನಡೆದ ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪಾಠ)



ಪಶುವೈದ್ಯನೊಬ್ಬ ಮಾತಿಗೆ ನಿಂತರೆ ಕೆಚ್ಚಲು ಬಾವು, ಜಂತುನಾಶಕ, ಖನಿಜ ಮಿಶ್ರಣ ಇವೇ ಮೂರು ವಿಷಯ ಎಂದು ತಾವು ಮೊದಲೇ ತೀರ್ಮಾನಿಸಿ ಕುಳಿತಿರುತ್ತೀರಿ. ಅದರಲ್ಲಿ ತಪ್ಪಿಲ್ಲ. ಇಷ್ಟು ವರ್ಷ ನಾನೂ ಅದನ್ನೇ ಹೇಳುತ್ತ ಬಂದಿದ್ದೇನೆ. ಇಂದು ಒಂದು ದಿನ ವಿಷಯ ಬದಲಿಸಲು ತಮ್ಮ ಅನುಮತಿ ಬೇಡುತ್ತೇನೆ. ಹೆಗ್ಗಡದೇವನಕೋಟೆಯಿಂದ ಚುಂಚನಕಟ್ಟೆಯವರೆಗೆ ನಮ್ಮ ಹಿರಿಯರು ಎತ್ತು ಹೊಡೆದುಕೊಂಡು ನಡೆಯುತ್ತಿದ್ದ ಹಾದಿ ಮತ್ತು ಆ ಹಾದಿಯ ಬದಿಯಲ್ಲಿರುವ ಕಲ್ಲು, ಕಟ್ಟೆ, ಗುಡಿ, ಕೋಟೆಗಳ ವಿಷಯವನ್ನು ಹೇಳಬೇಕೆಂದಿದ್ದೇನೆ. ಇದಕ್ಕೂ ಹಾಲಿಗೂ ಏನು ಸಂಬಂಧ ಎಂದು ಕೇಳುವವರು ಸ್ವಲ್ಪ ಹೊತ್ತು ತಾಳ್ಮೆಯಿಂದಿರಬೇಕು.

ಇದು ನಕ್ಷೆಯಲ್ಲಿ ಹೆಸರು ಬರೆದಿರುವ ದಾರಿಯಲ್ಲ. ಸಂಕ್ರಾಂತಿಯ ಸುಮಾರಿಗೆ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ ಸೇರುವುದು ತಮಗೆಲ್ಲ ಗೊತ್ತು. ಲಾರಿ, ಟೆಂಪೋಗಳು ಊರೂರಿಗೆ ಬರುವ ಮೊದಲು ಜೋಡಿ ಎತ್ತುಗಳನ್ನು ನಡೆಸಿಕೊಂಡೇ ಜಾತ್ರೆಗೆ ಹೋಗಬೇಕಾಗಿತ್ತು. ನಮ್ಮ ತಾತ ಕೋಟೆ ಕಡೆಯವರು. ಅವರು ಹೊರಡುವ ಮೊದಲು ಎತ್ತುಗಳಿಗೆ ಹೊಸ ಲಾಳ ಕಟ್ಟಿಸುತ್ತಿದ್ದರು. ಕೊಂಬಿಗೆ ಎಣ್ಣೆ ಸವರಿ ಕೊಂಬಣಸು ಹಾಕುತ್ತಿದ್ದರು. ಹುರುಳಿ ಚೀಲ ಒಂದು, ರಾಗಿ ಹಿಟ್ಟಿನ ಗಂಟು ಒಂದು. ಬಿಸಿಲು ಏರುವ ಮೊದಲು ನಡಿಗೆ, ಮಧ್ಯಾಹ್ನ ನೀರಿರುವ ಕಡೆ ಇಳಿದಾಣ, ಸಂಜೆ ಮತ್ತೆ ನಡಿಗೆ, ರಾತ್ರಿ ಯಾವುದಾದರೂ ಗುಡಿಯ ಜಗಲಿ. ಮೂರು ದಿನ ಹಿಡಿಯುತ್ತಿತ್ತು. ಕೊನೆಯ ಸಲ ಅವರು ಹಾಗೆ ಹೋದಾಗ ನನಗೆ ಏಳು ವರ್ಷ. ಹುಣಸೂರಿನವರೆಗೆ ನನ್ನನ್ನು ಕರೆದುಕೊಂಡು ಬಂದು, ಅಲ್ಲಿಂದ ಬಸ್ಸಿನಲ್ಲಿ ಚಿಕ್ಕಪ್ಪನ ಜೊತೆ ವಾಪಸು ಕಳಿಸಿದರು. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಹೋಗಿಲ್ಲ.

ಎತ್ತು ನಡೆಯುವ ಹಾದಿಗೂ ಮೋಟಾರು ಓಡುವ ರಸ್ತೆಗೂ ವ್ಯತ್ಯಾಸವಿದೆ. ದುಡಿಯುವ ಎತ್ತಿಗೆ ದಿನಕ್ಕೆ 40 ಲೀಟರಿಗೂ ಹೆಚ್ಚು ನೀರು ಬೇಕು. ಆದ್ದರಿಂದ ದನದ ಹಾದಿ ನೀರಿನಿಂದ ನೀರಿಗೆ ಸಾಗುತ್ತದೆ. ಗೋಕಟ್ಟೆ, ಕೆರೆಯ ಕೋಡಿ, ಹೊಳೆಯ ಸೋಪಾನ, ದನ ಮೈ ಉಜ್ಜಿಕೊಳ್ಳಲೆಂದು ನೆಟ್ಟ ಒರಟು ಕಲ್ಲು, ತಲೆಹೊರೆ ಇಳಿಸಲು ಆಳೆತ್ತರಕ್ಕೆ ನಿಲ್ಲಿಸಿದ ಹೊರೆಗಲ್ಲು ಇವೆಲ್ಲ ಆ ಹಾದಿಯ ಗುರುತುಗಳು. ಯಾರೋ ಪುಣ್ಯಾತ್ಮರು ತಮ್ಮ ತಂದೆತಾಯಿಯ ಹೆಸರಿನಲ್ಲಿ ಮಾಡಿಸಿದವು. ಈಗಲೂ ರಸ್ತೆ ಬಿಟ್ಟು ಹತ್ತು ಮಾರು ಒಳಗೆ ಹೋದರೆ ಕೆಲವು ಕಾಣುತ್ತವೆ. ಬಹಳಷ್ಟು ಹೋಗಿವೆ.

ಕೋಟೆಯಿಂದಲೇ ಆರಂಭಿಸೋಣ. ಹೆಗ್ಗಡದೇವ ಎಂಬಾತ ಕಟ್ಟಿದ ಕೋಟೆಯಿಂದ ಊರಿಗೆ ಈ ಹೆಸರು ಬಂತೆನ್ನುತ್ತಾರೆ. ಆದರೆ ಈ ತಾಲ್ಲೂಕಿನ ಹಳಮೆ ಆ ಕೋಟೆಗಿಂತ ಬಹಳ ಹಿಂದಿನದು. ಕಪಿಲೆಯ ದಡದ ಕಿತ್ತೂರು ಒಂದು ಕಾಲಕ್ಕೆ ಪುನ್ನಾಟ ರಾಜ್ಯದ ರಾಜಧಾನಿ. ಅದರ ಹಳೆಯ ಹೆಸರು ಕೀರ್ತಿಪುರ. ಸುಮಾರು 1,500 ವರ್ಷಗಳ ಹಿಂದಿನ ಮಾತು. ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದಾಗ ಆ ಹಳೆಯ ಊರು ಜಲಾಶಯದ ಪಾಲಾಯಿತು. ಅಣೆಕಟ್ಟು ಬೇಡವಾಗಿತ್ತು ಎಂದು ನಾನು ಹೇಳುತ್ತಿಲ್ಲ, ನಮ್ಮ ಎಷ್ಟೋ ಸದಸ್ಯರ ಹಸಿರು ಮೇವು ಆ ನೀರಿನಿಂದಲೇ ಬರುತ್ತಿದೆ. ರಾಜಧಾನಿಯೊಂದು ಮುಳುಗಿದೆ ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರಲಿ ಎಂದಷ್ಟೇ ನನ್ನ ಆಸೆ.

ಇದೇ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಒಂದು ಶಾಸನವಿದೆ. ದೇಕಬ್ಬೆ ಎಂಬ ಹೆಣ್ಣುಮಗಳ ಕಥೆ. ಗಂಡನನ್ನು ಅರಸ ಕೊಲ್ಲಿಸಿದ ಸುದ್ದಿ ಕೇಳಿ, ಎಲ್ಲರೂ ಬೇಡವೆಂದು ತಡೆದರೂ ಆಕೆ ಬೆಂಕಿಗೆ ಬಿದ್ದಳು. ಆ ಪದ್ಧತಿಯನ್ನು ಯಾರೂ ಹೊಗಳಬೇಕಾಗಿಲ್ಲ. ಆದರೆ ಕೋಟೆ ಸೀಮೆಯ ಒಬ್ಬ ಹೆಂಗಸಿನ ಹೆಸರು, ಅವಳ ಗಂಡನ ಹೆಸರು, ನಡೆದ ಘಟನೆ ಇವೆಲ್ಲ ಸುಮಾರು ಸಾವಿರ ವರ್ಷದ ಬಳಿಕವೂ ಉಳಿದಿರುವುದು ಒಂದು ಕಲ್ಲಿನಿಂದ. ಕಾಗದವಾಗಿದ್ದರೆ ಗೆದ್ದಲು ತಿಂದು ಎಷ್ಟೋ ಕಾಲವಾಗಿರುತ್ತಿತ್ತು.

ಕೋಟೆ ಬಿಟ್ಟು ಹುಣಸೂರಿನ ಕಡೆ ನಡೆಯುವಾಗ ಎಡಗಡೆಗೆ ನಾಗರಹೊಳೆಯ ಕಾಡಿನ ಸೆರಗು. ದಸರಾಕ್ಕೆ ಹೋಗುವ ಆನೆಗಳ ಗಜಪಯಣ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಹೊರಡುತ್ತದೆ. ಅವೂ ಹಿಂದೆ ಮೈಸೂರಿನವರೆಗೆ ನಡೆದೇ ಹೋಗುತ್ತಿದ್ದವು, ಈಗ ಲಾರಿ ಹತ್ತುತ್ತವೆ. ಆನೆಗೇ ಲಾರಿ ಬಂದ ಮೇಲೆ ಎತ್ತಿನ ಪಾಡೇನು?

ಇನ್ನು ಹುಣಸೂರು. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ದನದ ಇತಿಹಾಸದಲ್ಲಿ ಈ ಊರಿಗೆ ಇರುವ ಸ್ಥಾನ ನಮ್ಮಲ್ಲೇ ಅನೇಕರಿಗೆ ತಿಳಿಯದು. 17ನೇ ಶತಮಾನದ ಕೊನೆಯಲ್ಲಿ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಒಂದು ಇಲಾಖೆಯನ್ನೇ ಏರ್ಪಡಿಸಿದ್ದರು. ಅದರ ಹೆಸರು ಬೆಣ್ಣೆ ಚಾವಡಿ. ರಾಜ್ಯದ ಉದ್ದಗಲಕ್ಕೂ ಅದಕ್ಕೆ ಕಾವಲುಗಳು, ಅಂದರೆ ಮೇವಿನ ಮೀಸಲು ಭೂಮಿಗಳು ಇದ್ದವು. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು. ಹಿಂಡುಗಳು ಋತು ನೋಡಿಕೊಂಡು ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿದ್ದವು. ಹೈದರಾಲಿಯ ಕಾಲಕ್ಕೆ ಈ ತಳಿಯ ಎತ್ತುಗಳು ಬೆಣ್ಣೆಗಿಂತ ತೋಪಿಗೆ ಹೆಚ್ಚು ಬೇಕಾದವು. ಹೈದರನ ದಂಡು ಚಿದಂಬರದ ರಕ್ಷಣೆಗೆ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿತೆಂದು ಇತಿಹಾಸಕಾರರು ಬರೆದಿದ್ದಾರೆ, ತೋಪುಗಳನ್ನು ಎಳೆದದ್ದು ಈ ಎತ್ತುಗಳು. ಟಿಪ್ಪು ಸುಲ್ತಾನ್ ಈ ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟು, ದನಗಳ ಪಾಲನೆಗೆ ಲಿಖಿತ ನಿಯಮಗಳನ್ನು ಮಾಡಿದ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ದನಗಳ ಮೇಲೆ ಇಂಗ್ಲಿಷರ ಕಣ್ಣು ಬಿತ್ತು. ಮೊದಲ ಕೆಲವು ವರ್ಷ ಸರಿಯಾದ ನಿಗಾ ಇಲ್ಲದೆ ಹಿಂಡು ಕೆಟ್ಟಿತು. 1813ರಲ್ಲಿ ಕ್ಯಾಪ್ಟನ್ ಹಾರ್ವೆ ಎಂಬ ಅಧಿಕಾರಿಯ ವಶಕ್ಕೆ ಬಂದಾಗ ಮತ್ತೆ ಚೇತರಿಸಿಕೊಂಡಿತು. ಆ ಅಮೃತ ಮಹಲ್ ಇಲಾಖೆಯ ಕೇಂದ್ರಸ್ಥಾನವಾಗಿದ್ದುದು ನಮ್ಮ ಹುಣಸೂರು. ದಂಡಿಗೆ ಬೇಕಾದ ಗಾಡಿಗಳು, ತೊಗಲಿನ ಸಾಮಾನು, ಕಂಬಳಿ ಇವೆಲ್ಲ ಇಲ್ಲಿ ತಯಾರಾಗುತ್ತಿದ್ದವು. 1860ರಲ್ಲಿ ಖರ್ಚು ಉಳಿಸಲೆಂದು ಇಲಾಖೆಯನ್ನೇ ಮುಚ್ಚಿ ಹಿಂಡುಗಳನ್ನು ಹರಾಜು ಹಾಕಿದರು. ಆರು ವರ್ಷಕ್ಕೆ ತಪ್ಪಿನ ಅರಿವಾಗಿ 1866ರಲ್ಲಿ ಮತ್ತೆ ಕಟ್ಟಲು ಹೊರಟರು. ತಳಿ ಎಂಬುದು ಮಾರಿದಷ್ಟು ಸುಲಭವಾಗಿ ಕೊಳ್ಳಲು ಸಿಗುವ ಸಾಮಾನಲ್ಲ ಎಂಬುದು ಅವರಿಗೆ ಆಗ ತಿಳಿಯಿತು. ಈಗ ಅಮೃತ ಮಹಲ್ ತಳಿಯನ್ನು ನೋಡಬೇಕಾದರೆ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ಕೇಂದ್ರಕ್ಕೆ ಹೋಗಬೇಕು. ಅದರ ತಾಯಿ ತಳಿಯಾದ ಹಳ್ಳಿಕಾರ್ ನಮ್ಮ ಹಟ್ಟಿಗಳಲ್ಲಿ ಇನ್ನೂ ಇದೆ. 2000ದಲ್ಲಿ ಅಂಚೆ ಇಲಾಖೆ ಹಳ್ಳಿಕಾರಿನ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು.

ಇಲ್ಲಿ ಒಂದು ಹೊರದೇಶದ ಮಾತು. ಐರ್ಲೆಂಡ್ ನಮ್ಮ ಹಾಗೆಯೇ ಹಸುವನ್ನು ನಂಬಿದ ದೇಶ. ಅಲ್ಲಿ ಕೆರ್ರಿ ಎಂಬ ಸೀಮೆಯಿಂದ ಕಾರ್ಕ್ ಎಂಬ ಬಂದರು ಪಟ್ಟಣಕ್ಕೆ ಬೆಣ್ಣೆ ಸಾಗಿಸಲು 1748ರಲ್ಲಿ ಜಾನ್ ಮರ್ಫಿ ಎಂಬಾತ ಒಂದು ದಾರಿ ಮಾಡಿಸಿದ. ಅದಕ್ಕೆ ಬೆಣ್ಣೆ ರಸ್ತೆ ಎಂದೇ ಹೆಸರು. ರೈತರು ಮರದ ಪೀಪಾಯಿಗಳಲ್ಲಿ ಬೆಣ್ಣೆ ತುಂಬಿ ಕುದುರೆಗಳ ಮೇಲೆ, ಗಾಡಿಗಳಲ್ಲಿ ಸಾಗಿಸುತ್ತಿದ್ದರು. ಕಾರ್ಕಿನ ಬೆಣ್ಣೆ ಪೇಟೆ ಒಂದು ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದು. ಆ ಪೇಟೆ ಮುಚ್ಚಿ ನೂರು ವರ್ಷವಾಯಿತು, ಆದರೆ ಅಲ್ಲಿನವರು ಅದರ ನೆನಪಿಗೆ ಬೆಣ್ಣೆಯ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಹಳೆಯ ದಾರಿಯ ತುಣುಕುಗಳಲ್ಲಿ ಜನ ಕಾಲ್ನಡಿಗೆಯಲ್ಲಿ ಹೋಗಿ ನೋಡಿಬರುತ್ತಾರೆ. ಸಹಕಾರಿ ಡೇರಿಯ ಚಳವಳಿ ಅಲ್ಲಿ 1889ರಲ್ಲಿ ಡ್ರಮ್‌ಕಾಲೊಹರ್ ಎಂಬ ಸಣ್ಣ ಊರಿನಿಂದ ಶುರುವಾಯಿತು, ಅದನ್ನೂ ಅವರು ಮರೆತಿಲ್ಲ. ನಮ್ಮ ಬೆಣ್ಣೆ ಚಾವಡಿ ಅವರ ಬೆಣ್ಣೆ ರಸ್ತೆಗಿಂತ ಐವತ್ತು ವರ್ಷ ಹಿರಿಯದು. ಹುಣಸೂರಿನಲ್ಲಿ ಅದರ ನೆನಪಿಗೆ ಏನಿದೆ ಎಂದು ಹುಣಸೂರಿನವರೇ ಹೇಳಬೇಕು.

ಹುಣಸೂರು ತಾಲ್ಲೂಕಿನಲ್ಲಿ ನೋಡಬೇಕಾದ್ದು ಇನ್ನೂ ಇದೆ. ಮೈಸೂರು ರಸ್ತೆಯಲ್ಲಿ ಬಿಳಿಕೆರೆಯ ಹತ್ತಿರ ಗೊಮ್ಮಟಗಿರಿ, ಒಂಟಿ ಬಂಡೆಯ ಮೇಲೆ ಸುಮಾರು 18 ಅಡಿಯ ಗೊಮ್ಮಟ. ಕಲ್ಲಹಳ್ಳಿಯನ್ನು ದೇವರಾಜ ಅರಸರ ಊರೆಂದು ತಾವು ಬಲ್ಲಿರಿ. ಗೇಣಿದಾರನಿಗೆ ಭೂಮಿ ಕೊಡಿಸಿದ 1974ರ ತಿದ್ದುಪಡಿ ಅವರ ಸರ್ಕಾರದ್ದು. ಈ ಸಭೆಯಲ್ಲಿರುವ ಎಷ್ಟು ಜನರ ದನದ ಕೊಟ್ಟಿಗೆ ಅಂಥ ಭೂಮಿಯ ಮೇಲಿದೆಯೋ! ಅದೇ ಕಲ್ಲಹಳ್ಳಿಯಲ್ಲಿ 16ನೇ ಶತಮಾನದಲ್ಲಿ ಮಂಗರಸ ಎಂಬ ಕವಿಯಿದ್ದ. ಅಡುಗೆಯ ಬಗ್ಗೆ ಕನ್ನಡದಲ್ಲಿ ಸೂಪಶಾಸ್ತ್ರ ಎಂಬ ಗ್ರಂಥ ಬರೆದವನು ಅವನು. ಲಕ್ಷ್ಮಣತೀರ್ಥ ಹೊಳೆಗೆ ಹನಗೋಡಿನಲ್ಲಿ, ಕಟ್ಟೆಮಳಲವಾಡಿಯಲ್ಲಿ ಹಳೆಯ ಕಟ್ಟೆಗಳಿವೆ. ನಮ್ಮ ಕಡೆ ಕಟ್ಟೆ ಎಂದರೆ ಅಣೆಕಟ್ಟೂ ಹೌದು, ದನ ನೀರು ಕುಡಿಯುವ ಹೊಂಡವೂ ಹೌದು, ಅರಳಿ ಮರದ ಬುಡದಲ್ಲಿ ಕೂರುವ ಜಗಲಿಯೂ ಹೌದು. ನೀರು, ದನ, ಮನುಷ್ಯ ಮೂರಕ್ಕೂ ಒಂದೇ ಮಾತು ಸಾಕಾಗಿತ್ತು.

ಪಿರಿಯಾಪಟ್ಟಣದವರು ಬೇಸರಿಸಬಾರದು. ಅವರ ಹಾದಿ ಬೇರೆ ಕಡೆಯಿಂದ ಬಂದು ಚುಂಚನಕಟ್ಟೆಯಲ್ಲಿ ಕೂಡುತ್ತದೆ. ಈ ಸೀಮೆಯನ್ನು ಶತಮಾನಗಳ ಕಾಲ ಆಳಿದ ಚಂಗಾಳ್ವರಿಗೆ ಪಿರಿಯಾಪಟ್ಟಣ ಕೊನೆಯ ದಿನಗಳ ಕೋಟೆ. 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರು ಅದನ್ನು ಗೆದ್ದರು. 1791ರಲ್ಲಿ ಇಂಗ್ಲಿಷರ ಮುಂಬಯಿ ಸೈನ್ಯ ಕೊಡಗಿನ ಮೂಲಕ ಇಲ್ಲಿಯವರೆಗೆ ಬಂತು. ಮುಂದೆ 1800ರಲ್ಲಿ ಬುಕಾನನ್ ಎಂಬ ವೈದ್ಯ ಪ್ರವಾಸ ಬಂದಾಗ ಕೋಟೆ ಪಾಳುಬಿದ್ದು ಒಳಗೆ ಹುಲಿಗಳು ಸೇರಿಕೊಂಡಿದ್ದವಂತೆ. ಅಲ್ಲಿಂದ ಬೆಟ್ಟದಪುರ. ಬೆಟ್ಟದ ನೆತ್ತಿಯ ಮೇಲಿನ ಮಲ್ಲಿಕಾರ್ಜುನನಿಗೆ ಸಿಡಿಲು ಮಲ್ಲಿಕಾರ್ಜುನ ಎಂದೇ ಹೆಸರು, ಸಿಡಿಲು ಬಂದು ಸ್ವಾಮಿಯನ್ನು ಮುಟ್ಟಿ ಹೋಗುತ್ತದೆಂಬ ನಂಬಿಕೆ. ಮೆಟ್ಟಿಲು ಮೂರು ಸಾವಿರಕ್ಕೂ ಹೆಚ್ಚು. ಸಿಡಿಲಿನ ಮಾತು ಬಂತಾದ್ದರಿಂದ ನನ್ನ ಇಲಾಖೆಯ ಒಂದು ಮಾತನ್ನೂ ಸೇರಿಸಿಬಿಡುತ್ತೇನೆ: ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಕೇಳಿಸಿದರೆ ಹಸುಗಳನ್ನು ಒಂಟಿ ಮರದ ಕೆಳಗೆ ಕಟ್ಟಬೇಡಿ. ಸ್ವಾಮಿಗೆ ಸಿಡಿಲು ತಡೆಯುವ ಶಕ್ತಿ ಇದೆ, ನಮ್ಮ ಮಿಶ್ರತಳಿ ಹಸುವಿಗಿಲ್ಲ.

ಬೆಟ್ಟದಪುರದಿಂದ ಕಾವೇರಿಯ ಕಡೆ ಇಳಿದರೆ ಹನಸೋಗೆ. ಚಿಕ್ಕಹನಸೋಗೆಯಲ್ಲಿ ಮೂರು ಗರ್ಭಗುಡಿಗಳ ಆದಿನಾಥ ಬಸದಿ ಇದೆ. ಒಂದು ಕಾಲಕ್ಕೆ ಇಲ್ಲಿ 64 ಬಸದಿಗಳಿದ್ದವೆಂಬ ಹೇಳಿಕೆ. ಜೈನ ಗುರುಗಳ ಒಂದು ದೊಡ್ಡ ಪರಂಪರೆಗೆ ಈ ಊರಿನ ಹೆಸರಿದೆ. ಚುಂಚನಕಟ್ಟೆ ಜಾತ್ರೆಗೆ ಸಾವಿರಾರು ಜನ ಹೋಗಿ ಬರುತ್ತಾರೆ, ಪಕ್ಕದ ಈ ಬಸದಿಯನ್ನು ಕಂಡವರು ನೂರಕ್ಕೊಬ್ಬರಿದ್ದರೆ ಹೆಚ್ಚು.

ಹುಣಸೂರಿನಿಂದ ಬರುವ ಹಾದಿ ಕೃಷ್ಣರಾಜನಗರ ಮುಟ್ಟುತ್ತದೆ. ಹಳೆಯ ಊರು ಎಡತೊರೆ. ಕಾವೇರಿಯ ಪ್ರವಾಹದ ಕಾಟದಿಂದ ಪಾರಾಗಲು ಎತ್ತರದಲ್ಲಿ ಹೊಸ ಊರು ಕಟ್ಟಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ಅರ್ಕೇಶ್ವರ ಸ್ವಾಮಿ ಮಾತ್ರ ಹೊಳೆಯ ದಡದಲ್ಲೇ ಉಳಿದ. ಇದೇ ಸೀಮೆಯಲ್ಲಿ ರಾಮಾನುಜಾಚಾರ್ಯರು ತಂಗಿದ್ದ ಸಾಲಿಗ್ರಾಮವಿದೆ, ಮಂಟೇಸ್ವಾಮಿ ಪರಂಪರೆಯ ರಾಚಪ್ಪಾಜಿಯವರ ಕಪ್ಪಡಿ ಇದೆ. ನೀಲಗಾರರು ರಾತ್ರಿಯಿಡೀ ತಂಬೂರಿ ಹಿಡಿದು ಹಾಡುವ ಕಥೆಗಳಲ್ಲಿ ದನಕರು, ಹಾಲು, ಬೆಣ್ಣೆ ಎಷ್ಟು ಬರುತ್ತವೆಂದು ಒಮ್ಮೆ ಕುಳಿತು ಕೇಳಿ. ನನ್ನ ಪುಸ್ತಕಗಳಲ್ಲಿ ಅಷ್ಟು ಬರುವುದಿಲ್ಲ.

ಕೊನೆಗೆ ಚುಂಚನಕಟ್ಟೆ. ಕಾವೇರಿ ಬಂಡೆಗಳ ನಡುವೆ ಸುಮಾರು 60 ಅಡಿ ಧುಮುಕುತ್ತದೆ. ಮೇಲೆ ಕೋದಂಡರಾಮನ ಗುಡಿ. ಸಾಮಾನ್ಯವಾಗಿ ಸೀತೆ ರಾಮನ ಎಡಕ್ಕಿದ್ದರೆ ಇಲ್ಲಿ ಬಲಕ್ಕಿದ್ದಾಳೆ. ಚುಂಚ, ಚುಂಚಿ ಎಂಬ ಬೇಡ ದಂಪತಿ ವನವಾಸದ ರಾಮನನ್ನು ಸತ್ಕರಿಸಿದ ಕಥೆಯಿಂದ ಊರಿಗೆ ಹೆಸರು. ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಗಳಿಗೆ ಈಗಲೂ ಲಕ್ಷಗಟ್ಟಲೆ ಬೆಲೆ ಕಟ್ಟುತ್ತಾರೆ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ರಾಜ್ಯದ ಅನೇಕ ಕಡೆ ದನದ ಜಾತ್ರೆ, ಸಂತೆಗಳನ್ನು ನಿಲ್ಲಿಸಬೇಕಾಯಿತು. ರೈತರು ನನ್ನಂಥವರ ಮೇಲೆ ರೇಗಿದರು. ಅದು ಸಹಜ. ಆದರೆ ಜಾತ್ರೆ ಉಳಿಯಬೇಕಾದರೆ ದನ ಆರೋಗ್ಯವಾಗಿರಬೇಕು. ಜಾತ್ರೆಗೆ ಹೊರಡುವ ಮೂರು ವಾರ ಮೊದಲೇ ಕಾಲುಬಾಯಿ ಜ್ವರದ ಲಸಿಕೆ ಆಗಿರಲಿ. ಜಾತ್ರೆಯಿಂದ ತಂದ ದನವನ್ನು ಮೂರು ವಾರ ಬೇರೆ ಕಟ್ಟಿ. 2013ರಲ್ಲಿ ಕಾಲುಬಾಯಿ ಜ್ವರ ನಮ್ಮ ಸೀಮೆಯ ಹಟ್ಟಿಗಳನ್ನು ಹೇಗೆ ಬರಿದು ಮಾಡಿತೆಂದು ನಿಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ.

ರೋಗದ ಮಾತಿನಿಂದ ಕಲ್ಲಿನ ಮಾತಿಗೆ ಬರುತ್ತೇನೆ. ನಮ್ಮ ಹಳ್ಳಿಗಳ ಊರಬಾಗಿಲಲ್ಲಿ ಕೆಲವು ಕಡೆ ಕರಗಲ್ಲು ಇರುತ್ತದೆ. ಕೆಲವು ಊರುಗಳ ಗಡಿಯಲ್ಲಿ ಮನೆಮನೆಯಾಗಿ ಗೀಟು ಹಾಕಿ ಅಕ್ಷರ ಕೊರೆದ ಯಂತ್ರದ ಕಲ್ಲುಗಳಿವೆ. ದೊಡ್ಡರೋಗ ಬಂದಾಗ ಊರಿನ ದನವನ್ನೆಲ್ಲ ಅಲ್ಲಿಗೆ ಹೊಡೆದು, ಪೂಜೆ ಮಾಡಿ ನೀರು ಪ್ರೋಕ್ಷಿಸುತ್ತಿದ್ದರು. ಪಶುವೈದ್ಯನಾಗಿ ನೇರವಾಗಿ ಹೇಳುತ್ತೇನೆ: ರೋಗದ ಕಾಲದಲ್ಲಿ ಊರಿನ ದನವನ್ನೆಲ್ಲ ಒಂದೆಡೆ ಸೇರಿಸುವುದು ತಪ್ಪು, ಅದರಿಂದ ರೋಗ ಹರಡುತ್ತದೆ. ಆದರೆ ಅದೇ ದಿನಗಳಲ್ಲಿ ಊರಿನ ಗಡಿ ಕಟ್ಟಿ, ಹೊರಗಿನ ದನವನ್ನು ಒಳಗೆ ಬಿಡದೆ ಇರುತ್ತಿದ್ದರಲ್ಲ, ಅದು ಸರಿಯಾದ ಕ್ರಮ. ಈಗ ನಾವು ದಿಗ್ಬಂಧನ ಎಂದು ಸುತ್ತೋಲೆ ಹೊರಡಿಸುವುದೂ ಅದೇ. ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಸೀರಂ ಸಂಸ್ಥೆ ಆರಂಭವಾಗಿ, ಮುಂದೆ ಊರೂರಿಗೆ ಲಸಿಕೆ ಬಂದು, ದೊಡ್ಡರೋಗವನ್ನು 2011ರಲ್ಲಿ ಜಗತ್ತಿನಿಂದಲೇ ಅಳಿಸಿದ್ದಾಯಿತು. ರೋಗ ಹೋಯಿತು, ಕಲ್ಲು ಉಳಿದಿದೆ. ನಮ್ಮ ಹಿರಿಯರು ದನಕ್ಕಾಗಿ ಎಷ್ಟು ಹೆದರಿದ್ದರು ಎಂಬುದಕ್ಕೆ ಅದು ಸಾಕ್ಷಿ.

ಅದಕ್ಕಿಂತ ದೊಡ್ಡ ಸಾಕ್ಷಿ ವೀರಗಲ್ಲುಗಳು. ತುರು ಎಂದರೆ ಹಸು. ಶತ್ರುಗಳು ಬಂದು ಊರಿನ ಹಸುಗಳನ್ನು ಹೊಡೆದುಕೊಂಡು ಹೋಗುವುದಕ್ಕೆ ತುರುಗೋಳ್ ಎಂದು ಹೆಸರು. ಅವನ್ನು ಬಿಡಿಸಿ ತರಲು ಹೋಗಿ ಸತ್ತವನ ನೆನಪಿಗೆ ಊರಿನವರು ಕಲ್ಲು ನೆಡುತ್ತಿದ್ದರು. ಸಾಮಾನ್ಯವಾಗಿ ಮೂರು ಅಂಕಣ. ಕೆಳಗೆ ಕಾಳಗ, ಪಕ್ಕದಲ್ಲಿ ಹಸುಗಳ ಸಾಲು. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು. ಮೇಲೆ ಶಿವಲಿಂಗದ ಮುಂದೆ ವೀರ ಕೈಮುಗಿದು ಕುಳಿತಿರುವುದು, ತುದಿಯಲ್ಲಿ ಸೂರ್ಯ ಚಂದ್ರ. ಬಿ.ಎಲ್. ರೈಸ್ ಅವರು 1898ರಲ್ಲಿ ಪ್ರಕಟಿಸಿದ ಶಾಸನ ಸಂಪುಟದಲ್ಲಿ ಹೆಗ್ಗಡದೇವನಕೋಟೆ, ಹುಣಸೂರು ತಾಲ್ಲೂಕುಗಳ ಶಾಸನಗಳಿವೆ. ಅಕ್ಷರವಿಲ್ಲದ ಕಲ್ಲುಗಳು ಅಂಥ ಪುಸ್ತಕಕ್ಕೆ ಸೇರುವುದಿಲ್ಲ, ಅವುಗಳ ಲೆಕ್ಕ ಊರಿನವರ ಬಳಿ ಮಾತ್ರ ಇರುತ್ತದೆ. ಹಸುವಿಗಾಗಿ ಪ್ರಾಣ ಕೊಟ್ಟ ಮನುಷ್ಯನ ಕಲ್ಲು ಹಾಲು ಉತ್ಪಾದಕರ ಊರಿನಲ್ಲಿ ಇದ್ದರೆ ಅದಕ್ಕೂ ಹಾಲಿಗೂ ಏನು ಸಂಬಂಧ ಎಂದು ಮತ್ತೆ ಯಾರೂ ಕೇಳುವುದಿಲ್ಲ ಎಂದುಕೊಳ್ಳುತ್ತೇನೆ.

ಈಗ ನನ್ನ ತಪ್ಪೊಂದನ್ನು ತಮ್ಮ ಮುಂದೆ ಹೇಳಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ, ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಈ ಹಾದಿಯ ಮೇಲಿನ ಒಂದು ಊರಿನಲ್ಲಿ ಸಂಘಕ್ಕೆ ಹೊಸ ಕಟ್ಟಡವಾಗುತ್ತಿತ್ತು. ಊರಿನ ಹೆಸರು ಹೇಳುವುದಿಲ್ಲ. ಮುಂಬಾಗಿಲಿಗೆ ಮೆಟ್ಟಿಲು ಕೂರಿಸುತ್ತಿದ್ದರು. ಯಾವುದೋ ಹೊಲದ ಬದುವಿನಿಂದ ಟ್ರಾಕ್ಟರಿನಲ್ಲಿ ತಂದ ಉದ್ದನೆಯ ಚಪ್ಪಡಿಯನ್ನು ಮಗುಚಿ ಹಾಕುವಾಗ ಅದರ ಅಡಿಭಾಗ ನನ್ನ ಕಣ್ಣಿಗೆ ಬಿತ್ತು. ಹಸುಗಳ ಸಾಲು. ಮೂರೋ ನಾಲ್ಕೋ, ಕೊಂಬು ಎದ್ದು ಕಾಣುತ್ತಿದ್ದವು. ಬಿಲ್ಲು ಹಿಡಿದ ಒಬ್ಬ. ನಾನು ನೋಡಿದೆ, ಸುಮ್ಮನಿದ್ದೆ. ಉದ್ಘಾಟನೆಗೆ ದಿನ ಗೊತ್ತಾಗಿತ್ತು, ಪತ್ರಿಕೆ ಅಚ್ಚಾಗಿತ್ತು, ನಾನು ಹೊಸಬ. ಗಾರೆಯವರು ಚೆನ್ನಾಗಿರುವ ಮುಖವನ್ನು ಕೆಳಗೆ ಮಾಡಿ, ನುಣ್ಣಗಿರುವ ಬೆನ್ನನ್ನು ಮೇಲೆ ಮಾಡಿ ಕೂರಿಸಿದರು. ಅಂದಿನಿಂದ ದಿನಕ್ಕೆ ಎರಡು ಹೊತ್ತು ಆ ಊರಿನ ಹಾಲೆಲ್ಲ ಆ ಕಲ್ಲನ್ನು ತುಳಿದುಕೊಂಡೇ ಒಳಗೆ ಹೋಗುತ್ತಿದೆ.

ಹೋದ ವರ್ಷ ಅದೇ ಊರಿನಲ್ಲಿ ಬರಡು ರಾಸುಗಳ ಶಿಬಿರ ಮಾಡಿದೆವು. ಎಂಬತ್ತು ದಾಟಿದ ಒಬ್ಬ ಅಜ್ಜಿ ತಮ್ಮ ಹಸು ಹಿಡಿದುಕೊಂಡು ಬಂದಿದ್ದರು. ಕೆಲಸ ಮುಗಿದ ಮೇಲೆ, "ಡಾಕ್ಟ್ರೇ, ನಮ್ಮೊಲದ ಬದಿನಲ್ಲಿ ಒಂದು ಕಲ್ಲಿತ್ತು ಕಣಪ್ಪ, ಹಸ ಕೆತ್ತಿದ್ದು. ಅದೆಲ್ಲಿ ಹೋಯ್ತೋ ಗೊತ್ತೇ?" ಎಂದರು. ನನಗೆ ಮಾತು ಹೊರಡಲಿಲ್ಲ. "ಯಾಕಜ್ಜಿ?" ಎಂದೆ. "ನಮ್ಮತ್ತೆ ಕಾಲದಿಂದ್ಲೂ ಹಸ ಕರ ಹಾಕಿದ್ರೆ ಮೊದ್ಲು ಗಿಣ್ಣು ಹಾಲು ಅದ್ಕೆ ಎರ್‍ದು ಆಮೇಲೆ ಮನೆಗೆ ತರ್‍ತಿದ್ದೋ. ಈಗ ಎಲ್ಲಿಗೆ ಎರೀಲಿ?" ಎಂದರು. ಹತ್ತು ವರ್ಷ ನಾನು ಅದೇ ಊರಿನಲ್ಲಿ, ಗಿಣ್ಣು ಹಾಲನ್ನು ಯಾರಿಗೂ ಕೊಡಬೇಡಿ, ಹುಟ್ಟಿದ ಒಂದೆರಡು ಗಂಟೆಯೊಳಗೆ ಕರುವಿಗೆ ಕುಡಿಸಿ ಎಂದು ಉಪದೇಶ ಮಾಡಿದ್ದೆ. ಈಗಲೂ ಹಾಗೇ ಹೇಳುತ್ತೇನೆ, ಕರುವಿನ ಜೀವ ಅದರಲ್ಲಿದೆ. ಆದರೆ ಕರು ಹೊಟ್ಟೆ ತುಂಬ ಕುಡಿದ ಮೇಲೆ ಆ ಕಲ್ಲಿಗೆ ಒಂದು ಉದ್ಧರಣೆ ಹಾಲು ಎರೆದರೆ ನನ್ನ ಯಾವ ಶಾಸ್ತ್ರವೂ ಕೆಡುವುದಿಲ್ಲ. ಅಜ್ಜಿಗೆ ಅಂದು ನಿಜ ಹೇಳಲಾಗಲಿಲ್ಲ. ಅವರು ಆ ದಿನವೂ ಆ ಮೆಟ್ಟಿಲು ಹತ್ತಿ ಹಾಲು ಹಾಕಿ ಮನೆಗೆ ಹೋದರು.

ಇದಕ್ಕಾಗಿಯೇ ನಾನು ಇಂದು ಈ ವಿಷಯ ತೆಗೆದುಕೊಂಡದ್ದು. ಕಲ್ಲುಗಳನ್ನು ಒಡೆಯುವವರು ಹೊರಗಿನಿಂದ ಬರುವ ನಿಧಿಗಳ್ಳರು ಮಾತ್ರ ಎಂದು ನಾವು ತಿಳಿದಿದ್ದೇವೆ. ಕೆಳಗೆ ನಿಧಿ ಇದೆಯೆಂದು ಅಗೆಯುವ ಮೂರ್ಖರು ಇದ್ದಾರೆ, ವೀರಗಲ್ಲಿನ ಕೆಳಗೆ ಮಣ್ಣಲ್ಲದೆ ಬೇರೇನೂ ಇರುವುದಿಲ್ಲ. ಆದರೆ ಬಹುಪಾಲು ಕಲ್ಲುಗಳು ಹೋಗಿರುವುದು ನಮ್ಮ ಕೈಯಿಂದಲೇ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ. ಚರಂಡಿಗೆ ಮುಚ್ಚಳ, ಬಟ್ಟೆ ಒಗೆಯಲು ಚಪ್ಪಡಿ, ಮೋರಿಗೆ ಆಧಾರ. ಗೋಕಟ್ಟೆಗಳೂ ಹಾಗೆಯೇ, ಎಲ್ಲರೂ ಕೊಟ್ಟಿಗೆಯಲ್ಲೇ ನಲ್ಲಿ ನೀರು ಕುಡಿಸುವ ಕಾಲದಲ್ಲಿ ಗೋಕಟ್ಟೆ ಯಾಕೆ ಎಂದು ಮಣ್ಣು ತುಂಬಿ ಮಳಿಗೆ ಕಟ್ಟಿದ್ದೇವೆ. ಬೋರ್‌ವೆಲ್ ಬತ್ತಿದ ಬೇಸಿಗೆಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಹಾಲು ಕೊಡುವ ಹಸುವಿಗೆ ಒಂದು ಲೀಟರ್ ಹಾಲಿಗೆ ನಾಲ್ಕೈದು ಲೀಟರ್ ನೀರು ಬೇಕೆಂಬ ಲೆಕ್ಕ ನಿಮಗೆ ಬಾಯಿಪಾಠ.

ನನ್ನ ಕೋರಿಕೆ ದೊಡ್ಡದಲ್ಲ. ಸಂಘದ ಕಟ್ಟಡ, ಕಾಂಪೌಂಡು, ರಸ್ತೆ ಯಾವುದೇ ಕಾಮಗಾರಿ ಹಿಡಿಯುವಾಗ ಬರುವ ಹಳೆಯ ಕಲ್ಲನ್ನು ಒಮ್ಮೆ ಮಗುಚಿ ನೋಡಿ. ಕೆತ್ತನೆ, ಅಕ್ಷರ ಕಂಡರೆ ಅದನ್ನು ಸಾಗಿಸಬೇಡಿ, ಸುಣ್ಣ ಬಣ್ಣ ಬಳಿಯಬೇಡಿ, ಸೀಗೆಪುಡಿ ಹಾಕಿ ಉಜ್ಜಲೂ ಬೇಡಿ. ಇದ್ದ ಜಾಗದ ಗುರುತಿನೊಂದಿಗೆ ಮೊಬೈಲಿನಲ್ಲಿ ಫೋಟೋ ತೆಗೆದು ಪಂಚಾಯಿತಿಗೂ, ಮೈಸೂರಿನಲ್ಲಿರುವ ಪುರಾತತ್ತ್ವ ಇಲಾಖೆಗೂ ಪತ್ರ ಬರೆಯಿರಿ. ಕೋಟೆಯಿಂದ ಕಟ್ಟೆಯವರೆಗೆ ಹಾದಿಯುದ್ದಕ್ಕೂ ನಮ್ಮ ಸಂಘಗಳಿವೆ. ಪ್ರತಿ ಸಂಘ ತನ್ನ ಎಲ್ಲೆಯೊಳಗಿನ ಮೂರು ನಾಲ್ಕು ಕಿಲೋಮೀಟರಿನ ಕಲ್ಲು, ಕಟ್ಟೆ, ಹಳೆಯ ಮರಗಳ ಪಟ್ಟಿ ಮಾಡಲಿ. ಪಟ್ಟಿ ಮಾಡುವಾಗ ಕಾರ್ಯದರ್ಶಿ ಒಬ್ಬರೇ ಹೋಗದೆ ಊರಿನ ಹಿರಿಯ ಹೆಂಗಸರೊಬ್ಬರನ್ನು ಕರೆದುಕೊಂಡು ಹೋಗಲಿ. ಯಾವ ಕಲ್ಲು ಎಲ್ಲಿತ್ತು ಎಂಬುದು ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಮುಂದಿನ ಸಂಕ್ರಾಂತಿಗೆ, ಬೆಳಗಿನ ಹಾಲು ಹಾಕಿದ ಮೇಲೆ, ಬಿಡುವಿರುವ ಸದಸ್ಯರು ತಮ್ಮ ಶಾಲೆಯ ಮಕ್ಕಳೊಂದಿಗೆ ತಮ್ಮ ಊರಿನಿಂದ ಪಕ್ಕದ ಸಂಘದವರೆಗೆ ಒಮ್ಮೆ ನಡೆದು ನೋಡಲಿ. ಮಿಶ್ರತಳಿ ಹಸುಗಳನ್ನು ಮಾತ್ರ ನಡೆಸಿಕೊಂಡು ಬರಬೇಡಿ, ಸಂಜೆಯ ಹಾಲು ಕಡಿಮೆಯಾಯಿತೆಂದು ಆಮೇಲೆ ನನಗೇ ಫೋನು ಬರುತ್ತದೆ.

ಆ ಮೆಟ್ಟಿಲಿನ ವಿಷಯ ಏನಾಯಿತೆಂದು ತಾವು ಕೇಳಬಹುದು. ಹೋದ ತಿಂಗಳು ಆ ಸಂಘದ ಆಡಳಿತ ಮಂಡಳಿಯ ಮುಂದೆ ಎಲ್ಲವನ್ನೂ ಹೇಳಿದೆ. ಒಬ್ಬರು, ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದರು. ಉತ್ತರವಿರಲಿಲ್ಲ. ಇನ್ನೊಬ್ಬರು ಮೆಟ್ಟಿಲು ಕಿತ್ತರೆ ಕಟ್ಟಡಕ್ಕೆ ದೋಷ ಬರುತ್ತದೆ ಎಂದರು. ಕೊನೆಗೆ ಪುರಾತತ್ತ್ವ ಇಲಾಖೆಗೆ ಪತ್ರ ಬರೆದು, ಅವರು ಒಪ್ಪಿದರೆ ಅವರ ಸಿಬ್ಬಂದಿಯ ಎದುರಿನಲ್ಲೇ ಕಲ್ಲನ್ನು ತೆಗೆಸಿ ಹೊಲದ ಬದುವಿನಲ್ಲಿ ಹಿಂದಿದ್ದ ಜಾಗದಲ್ಲೇ ನಿಲ್ಲಿಸುವುದೆಂದು ತೀರ್ಮಾನವಾಗಿದೆ. ಪತ್ರ ಹೋಗಿದೆ. ಅಜ್ಜಿಯ ಹಸು ಶಿಬಿರದಲ್ಲಿ ಗಬ್ಬ ನಿಂತು ಎಂಟು ತಿಂಗಳು ತುಂಬಿದೆ. ಅದು ಕರು ಹಾಕುವುದರೊಳಗೆ ಕಲ್ಲು ಎದ್ದು ನಿಲ್ಲಬೇಕೆಂದು ಓಡಾಡುತ್ತಿದ್ದೇನೆ.